ಸರ್ವೆ ತೋಪಿನಲ್ಲಿ ಲಿಲ್ಲಿ ಅರಳುವುದಿಲ್ಲ

ಎಂ.ಎ. ಓದುತ್ತಿದ್ದಾಗ ನಾನೊಂದು ಕಥೆ ಬರೆದಿದ್ದೆ. ಅದರ ಮೊದಲ ವಾಕ್ಯ ಹೀಗಿತ್ತು: "ಪೈನ್ ಮರಗಳ ನೆರಳಿನಲ್ಲಿ ಹೆಸರಿಲ್ಲದ ಕಾಡು ಲಿಲ್ಲಿಯೊಂದು ಅರಳಿತ್ತು." ಕಥೆ ನಡೆಯುವುದು ನಮ್ಮೂರಿನಲ್ಲೇ, ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿ. ಈ ಹೆಸರು ಹಳೆಯ ಕನ್ನಡ ಓದುಗರಿಗೆ ಹೊಸದಲ್ಲ. ಅದನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡೇ ಬರೆದ ಸಮೇತನಹಳ್ಳಿ ರಾಮರಾಯರಿದ್ದಾರೆ. ನನ್ನ ಕಥೆಗೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂತು. ತೀರ್ಪುಗಾರರು ಆ ಮೊದಲ ವಾಕ್ಯವನ್ನೇ ಎತ್ತಿ ಓದಿ, ಹೊಸ ತಲೆಮಾರಿನ ಪರಿಸರಪ್ರಜ್ಞೆಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು.

ಆ ಒಂದು ವಾಕ್ಯದಲ್ಲಿ ಮೂರು ಸುಳ್ಳುಗಳಿದ್ದವು. ಅವು ಪೈನ್ ಮರಗಳಲ್ಲ, ಸರ್ವೆ ಮರಗಳು. ಆ ಹೂ ಲಿಲ್ಲಿಯಲ್ಲ. ಅದಕ್ಕೆ ಹೆಸರಿಲ್ಲ ಎಂಬುದಂತೂ ಎಲ್ಲಕ್ಕಿಂತ ದೊಡ್ಡ ಸುಳ್ಳು.

ಸುಳ್ಳನ್ನು ಹಿಡಿದದ್ದು ವಿಮರ್ಶಕರಲ್ಲ, ದೊಡ್ಡಮ್ಮ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮದೂ ಒಳಗೆ ತೆಲುಗು, ಹೊರಗೆ ಕನ್ನಡ. ಬಹುಮಾನದ ಖುಷಿಯಲ್ಲಿ ಅವರಿಗೆ ಕಥೆಯನ್ನು ಪೂರ್ತಿ ಓದಿ ಹೇಳಿದೆ. ಅದರಲ್ಲಿ ಹಸಿದ ಹುಡುಗಿಯೊಬ್ಬಳು ತೋಪಿಗೆ ಹೋಗಿ, ಆ ಬಳ್ಳಿಯ ಬುಡ ಕೆದಕಿ, ಗೆಡ್ಡೆ ಕಿತ್ತು ತಿನ್ನುತ್ತಾಳೆ. ನನ್ನ ಪಾಲಿಗೆ ಅದು ಪ್ರಕೃತಿ ಮಡಿಲಿನ ಮಗುವಿನ ಚಿತ್ರ. ದೊಡ್ಡಮ್ಮ ಕೇಳಿದರು: "ಬೇಲಿ ಮೇಲೆ ಹಬ್ಬಿ ಕೆಂಪು, ಹಳದಿ ಬಿಡ್ತದಲ್ಲ, ಆ ಹೂವಾ?" ಹೌದೆಂದೆ. "ಅದು ಅಡವಿನಾಭಿ ಅಲ್ವಾ! ಅದರ ಗೆಡ್ಡೆ ತಿಂದ್ಮೇಲೆ ಆ ಮಗು ಉಳೀತಾ?"

ನನ್ನಲ್ಲಿ ಉತ್ತರವಿರಲಿಲ್ಲ. ಕಥೆಯಲ್ಲಿ ಅವಳು ಮುಂದಿನ ಹದಿನೈದು ಪುಟ ನಗುನಗುತ್ತಾ ಓಡಾಡಿಕೊಂಡಿದ್ದಳು.

ಇವತ್ತು ಕನ್ನಡ ಕಥನದಲ್ಲಿ ಬರುವ ಗಿಡಮರಗಳ ಹೆಸರುಗಳ ಬಗ್ಗೆಯೇ ಪಿಎಚ್.ಡಿ. ಮಾಡುತ್ತಿದ್ದೇನೆ. ಅದರ ಬೀಜ ಬಿದ್ದದ್ದು ಆ ಪ್ರಶ್ನೆಯಲ್ಲಿ. ಈ ಬರಹದ ಜಗಳವೂ ಅದೇ: ನಾವು, ಅಂದರೆ ಕನ್ನಡದಲ್ಲಿ ಬರೆಯುವ, ಓದುವ, ಸಂಶೋಧಿಸುವ ಹುಡುಗ ಹುಡುಗಿಯರು, 'ಯಾವುದೋ ಕಾಡುಹೂ', 'ಹೆಸರಿಲ್ಲದ ಹೂ', 'ಕಾಡು ಲಿಲ್ಲಿ' ಎಂದು ಬರೆಯುವುದನ್ನು ನಿಲ್ಲಿಸಬೇಕು. ಅದು ಕಾವ್ಯವಲ್ಲ, ಸೋಮಾರಿತನ. ಕೆಲವೊಮ್ಮೆ ಅಪಾಯವೂ ಹೌದು.

ಮೊದಲು ನನ್ನ ಪೈನ್ ಕಾಡಿನ ಲಿಲ್ಲಿಗೆ ನ್ಯಾಯ ಸಲ್ಲಿಸುತ್ತೇನೆ. ಅಂಥದ್ದೊಂದು ಹೂ ನಿಜವಾಗಿಯೂ ಇದೆ. ಸಮೇತನಹಳ್ಳಿಯಲ್ಲಲ್ಲ, ಪಶ್ಚಿಮ ಹಿಮಾಲಯದಲ್ಲಿ. ಸುಮಾರು 2000 ಮೀಟರಿಗೂ ಮೇಲೆ, ದೇವದಾರು, ಫರ್ ಮರಗಳ ತಂಪು ಇಳಿಜಾರುಗಳಲ್ಲಿ ಬೆಳೆಯುವ ಅದರ ವೈಜ್ಞಾನಿಕ ಹೆಸರು ಲಿಲಿಯಂ ಪಾಲಿಫಿಲಂ. ತಲೆ ತಗ್ಗಿಸಿದ ಕೆನೆಬಣ್ಣದ ಹೂ, ಹಿಂದಕ್ಕೆ ಸುರುಳಿಯಾದ ಎಸಳುಗಳು, ಅವುಗಳ ಮೇಲೆ ನೇರಳೆ ಚುಕ್ಕಿಗಳು. ಆಯುರ್ವೇದದ ಅಷ್ಟವರ್ಗದಲ್ಲಿ ಬರುವ ಕ್ಷೀರಕಾಕೋಲಿ ಎಂದರೆ ಇದೇ ಎಂದು ಇಂದು ಗುರುತಿಸುತ್ತಾರೆ. ಚ್ಯವನಪ್ರಾಶದ ಮೂಲ ಪಾಠದಲ್ಲಿ ಅಷ್ಟವರ್ಗದ ಗಿಡಗಳಿಗೆ ಜಾಗವಿದೆ. ಔಷಧಿಗಾಗಿ ಬೇರುಸಹಿತ ಕಿತ್ತೂ ಕಿತ್ತೂ ಈ ಲಿಲ್ಲಿ ಈಗ ಅಳಿವಿನ ಅಂಚಿಗೆ ಬಂದಿದೆ.

ಇದರಲ್ಲಿ ನಮಗೊಂದು ಪಾಠವೂ ಇದೆ. 16ನೇ ಶತಮಾನದ ಭಾವಮಿಶ್ರನ 'ಭಾವಪ್ರಕಾಶ' ಅಷ್ಟವರ್ಗ ಸಿಗುವುದೇ ಬಲು ಕಷ್ಟ ಎಂದು ಒಪ್ಪಿಕೊಂಡು ಬದಲಿ ಗಿಡಗಳನ್ನು ಸೂಚಿಸುತ್ತದೆ. ಕಾಕೋಲಿ, ಕ್ಷೀರಕಾಕೋಲಿಗಳ ಬದಲು ಅಶ್ವಗಂಧ. ವೈದ್ಯನಿಗೆ ಬದಲಿ ಅನಿವಾರ್ಯವಾಗಿತ್ತು, ಇದು ಬದಲಿ ಎಂದು ಆತ ಹೇಳಿಯೇ ಕೊಟ್ಟ. ಕಥೆಗಾರರಾದ ನಾವು ಬದಲಿಯನ್ನೇ ಅಸಲಿ ಎಂದು ಕೊಡುತ್ತಿದ್ದೇವೆ. ಸರ್ವೆಯ ಜಾಗದಲ್ಲಿ ಪೈನು, ಅಡವಿನಾಭಿಯ ಜಾಗದಲ್ಲಿ ಲಿಲ್ಲಿ. ಕೆಳಗೆ ಚೀಟಿಯೂ ಅಂಟಿಸುವುದಿಲ್ಲ.

ದಕ್ಷಿಣ ಭಾರತದಲ್ಲಿ ಲಿಲ್ಲಿಯೇ ಇಲ್ಲವೇ? ಇದೆ, ನಿಜವಾದ ಅರ್ಥದಲ್ಲಿ ಒಂದೇ ಒಂದು. ಲಿಲಿಯಂ ನೀಲ್‌ಗೆರೆನ್ಸೆ. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲಲ್ಲಿ ಮಳೆಗಾಲದ ಕೊನೆಯ ಹೊತ್ತಿಗೆ ಉದ್ದನೆಯ ಕಹಳೆಯಂಥ ಬಿಳಿ ಹೂ ಬಿಡುತ್ತದೆ. ಅದರ ಹೆಸರಿನಲ್ಲೇ ನೀಲಗಿರಿ ಇದೆ. ಆದರೆ ಹೊಸಕೋಟೆ ಕಡೆ 'ನೀಲಗಿರಿ' ಎಂದರೆ ಬೆಟ್ಟ ಯಾರಿಗೂ ನೆನಪಾಗುವುದಿಲ್ಲ, ಆಸ್ಟ್ರೇಲಿಯಾ ಮೂಲದ ಯೂಕಲಿಪ್ಟಸ್ ನೆನಪಾಗುತ್ತದೆ. 1790ರ ಸುಮಾರಿಗೆ ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ಆ ಮರ ಆಮೇಲೆ ನಮ್ಮ ಜಿಲ್ಲೆಯ, ಪಕ್ಕದ ಕೋಲಾರದ ಹೊಲಗಳಿಗೆಲ್ಲ ಹಬ್ಬಿತು. ಅಂತರ್ಜಲದ ಕೂಗು ಜೋರಾದ ಮೇಲೆ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ಅದನ್ನು ನೆಡುವುದನ್ನು ನಿಷೇಧಿಸಿತು. ಹೊರಗಿಂದ ಬಂದ ಮರವೊಂದು ನಮ್ಮದೇ ಬೆಟ್ಟದ ಹೆಸರು ಹೊತ್ತು ನಮ್ಮ ನಾಲಿಗೆಯಲ್ಲಿ ನೆಲೆಯಾಯಿತು. ಆ ಬೆಟ್ಟದ ಹೂವನ್ನು ಮಾತ್ರ ನಮ್ಮಲ್ಲಿ ಎಷ್ಟು ಜನ ಬಲ್ಲರು? ಹೆಸರುಗಳ ವಿಷಯದಲ್ಲಿ ನಾವು ಎಷ್ಟು ನಿರ್ಲಕ್ಷ್ಯದ ಜನ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ನಮ್ಮ ತೋಪು. ಸರ್ವೆಯನ್ನು ಪೈನ್ ಎಂದು ತಿಳಿಯುವುದು ಸುಲಭ: ಸೂಜಿಯಂಥ ಎಲೆ, ಪುಟ್ಟ ಶಂಕುವಿನಂಥ ಕಾಯಿ, ಗಾಳಿ ಬಂದರೆ ಸುಂಯ್ ಎನ್ನುವ ಸದ್ದು. ಆದರೆ ಆ 'ಎಲೆ'ಯೊಂದನ್ನು ಕಿತ್ತು ಎರಡೂ ತುದಿ ಹಿಡಿದು ಎಳೆಯಿರಿ. ಗಂಟಿನಲ್ಲಿ ಕಳಚಿಕೊಳ್ಳುತ್ತದೆ. ಅದು ಎಲೆಯಲ್ಲ, ಗಂಟುಗಂಟಿನ ಎಳೆ ಕೊಂಬೆ. ನಿಜವಾದ ಎಲೆಗಳು ಪ್ರತಿ ಗಂಟಿನ ಸುತ್ತ ಪುಟ್ಟ ಹಲ್ಲುಗಳಂತೆ ಅಂಟಿಕೊಂಡಿರುತ್ತವೆ. ಸರ್ವೆ ಹೂ ಬಿಡುವ ಮರ, ಪೈನಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ನಾನು ಕೊಟ್ಟಿರಲಿಲ್ಲ.

ಹೂವಿಗೂ ಅಷ್ಟೇ. ಲಿಲ್ಲಿ ಎನ್ನಲು ಏನೇನು ಬೇಕು? ಬೆಳ್ಳುಳ್ಳಿಯ ಎಸಳುಗಳಂತೆ ಒಂದಕ್ಕೊಂದು ಒತ್ತಿಕೊಂಡ, ಹೊರಸಿಪ್ಪೆ ಇಲ್ಲದ ಗೆಡ್ಡೆ. ನೆಟ್ಟಗೆ ನಿಲ್ಲುವ ಕಾಂಡ. ಆರು ಎಸಳು, ಆರು ಕೇಸರ, ಎಸಳುಗಳ ಬುಡಕ್ಕಿಂತ ಮೇಲೆ ಕೂತ ಅಂಡಾಶಯ. ನಮ್ಮ ಬೇಲಿಯ ಹೂವಿನಲ್ಲೂ ಆರು ಎಸಳು, ಆರು ಕೇಸರ, ಮೇಲೆ ಕೂತ ಅಂಡಾಶಯ ಇವೆ. ಎಸಳುಗಳೂ ಹಿಮಾಲಯದ ಲಿಲ್ಲಿಯವುಗಳಂತೆ ಹಿಂದಕ್ಕೆ ಮಡಿಚಿಕೊಂಡಿವೆ. ಮೋಸ ಹೋಗುವುದು ಇಲ್ಲೇ. ಇನ್ನೂ ಸ್ವಲ್ಪ ನೋಡಿ. ಎಸಳಿನ ಅಂಚು ನೆರಿಗೆ ಹಿಡಿದಂತೆ ಅಲೆಯಲೆಯಾಗಿದೆ. ಹಸಿರು ಹಳದಿಯಲ್ಲಿ ಅರಳಿದ್ದು ದಿನ ಕಳೆದಂತೆ ಕೆಂಪಾಗುತ್ತದೆ. ಶಲಾಕೆ ಹೂವಿನ ನಡುವಿಂದ ನೆಟ್ಟಗೆ ಬರದೆ, ಬುಡದಲ್ಲೇ ಪಕ್ಕಕ್ಕೆ ತಿರುಗಿ ಮಲಗಿದೆ. ಎಲೆಯ ತುದಿ ನೋಡಿ, ಸಣ್ಣ ಕುಡಿಬಳ್ಳಿಯಾಗಿ ಸುರುಳಿ ಸುತ್ತಿ ಪಕ್ಕದ ಮುಳ್ಳುಕಂಟಿಯನ್ನು ಹಿಡಿದುಕೊಂಡಿದೆ. ಲಿಲ್ಲಿ ಹಾಗೆ ಎಲೆಯ ತುದಿಯಿಂದ ಹತ್ತುವುದಿಲ್ಲ. ಮಣ್ಣಿನೊಳಗಿನ ಗೆಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ. ಆದರೆ ಅದನ್ನು ನೋಡಲೆಂದು ಅಗೆಯಬೇಡಿ, ಎಲೆಯ ತುದಿ ಸಾಕು.

ಇದರ ವೈಜ್ಞಾನಿಕ ಹೆಸರು ಗ್ಲೋರಿಯೋಸಾ ಸುಪರ್ಬಾ. 1753ರಲ್ಲಿ ಲಿನೇಯಸ್ ಇಟ್ಟದ್ದು. ಹಿಂದೆ ಲಿಲ್ಲಿಯ ಕುಟುಂಬದಲ್ಲಿ ಸೇರಿಸುತ್ತಿದ್ದರು. ಈಗ ಸಸ್ಯಶಾಸ್ತ್ರಜ್ಞರೇ ಅದನ್ನು ಅಲ್ಲಿಂದ ತೆಗೆದು ಕೊಲ್ಚಿಕೇಸಿ ಎಂಬ ಬೇರೆ ಕುಟುಂಬಕ್ಕೆ ಸೇರಿಸಿದ್ದಾರೆ. ಕುಟುಂಬದ ಹೆಸರಿಗೆ ಸಂಬಂಧಪಟ್ಟ ಕಾಲ್ಚಿಸಿನ್ ಎಂಬ ವಿಷ ಈ ಬಳ್ಳಿಯ ಗೆಡ್ಡೆಯಲ್ಲಿ, ಬೀಜದಲ್ಲಿ, ಎಲ್ಲ ಭಾಗಗಳಲ್ಲೂ ಇದೆ. ಜೀವಕೋಶಗಳು ಒಡೆದು ಎರಡಾಗುವುದನ್ನೇ ಅದು ತಡೆಯುತ್ತದೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ ಭೇದಿ, ಆಮೇಲೆ ಒಂದೊಂದೇ ಅಂಗ ಸೋಲುವುದು. ಸುಲಭವಾಗಿ ಸಿಗುವ ಪ್ರತಿವಿಷವಿಲ್ಲ. ಸಿಹಿಗೆಣಸೆಂದು ತಿಳಿದು ಈ ಗೆಡ್ಡೆ ತಿಂದು ಸತ್ತವರ ಪ್ರಕರಣಗಳು ಶ್ರೀಲಂಕಾದ ವೈದ್ಯಕೀಯ ದಾಖಲೆಗಳಲ್ಲಿವೆ. ನನ್ನ ಕಥೆಯ ಹುಡುಗಿ ಮಾಡಿದ್ದೂ ಅದನ್ನೇ.

ಈಗ ದೊಡ್ಡಮ್ಮ ಹೇಳಿದ ಹೆಸರಿಗೆ ಬನ್ನಿ. ಅಡವಿನಾಭಿ. ನಾಭಿ ಎಂದರೆ ಇಲ್ಲಿ ಹೊಕ್ಕುಳಲ್ಲ, ವತ್ಸನಾಭಿ, ಹಿಮಾಲಯದ ಹೆಸರಾಂತ ವಿಷದ ಬೇರು. 'ಅಡವಿಯ ವತ್ಸನಾಭಿ' ಎಂದು ಹೆಸರಿಟ್ಟವರು ಯಾರೋ, ಆ ಹೆಸರು ಹೇಳುವವರೆಲ್ಲ ಪ್ರತಿ ಸಲವೂ ಒಂದು ಎಚ್ಚರಿಕೆಯನ್ನು ದಾಟಿಸುತ್ತಾರೆ. ಸಂಸ್ಕೃತದ ಲಾಂಗಲಿ ಗೆಡ್ಡೆಯ ನೇಗಿಲಾಕಾರವನ್ನು ಹೇಳುತ್ತದೆ. ಅದರದೇ ಇನ್ನೊಂದು ಹೆಸರು ಗರ್ಭಪಾತಿನಿ ಏನು ಹೇಳುತ್ತದೆಂದು ಬಿಡಿಸಬೇಕಿಲ್ಲ. ಹೆಂಗಸರ ಮೈಮೇಲೆ ಈ ಗೆಡ್ಡೆಯ ಪ್ರಯೋಗ ನಡೆದ ಚರಿತ್ರೆ ಅದರಲ್ಲಿದೆ. ಅಗ್ನಿಶಿಖೆ ಹೂವಿನ ರೂಪ. ಗೌರಿ ಹೂ ಎಂಬುದು ಪಂಚಾಂಗ: ಗೌರಿ ಹಬ್ಬದ ಹೊತ್ತಿಗೆ ಅರಳುತ್ತದೆ. ಮರಾಠಿಯವರು ಹುಲಿಯುಗುರು ಕಂಡು ವಾಘನಖಿ ಎಂದರು. ಕೊಡಗಿನಲ್ಲಿ ಇದು ತೋಕ್ ಪೂ, ಕೋವಿಯ ಹೂ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧ ಪೂಜೆಯ ದಿನ ಕೋವಿಗಳಿಗೆ ಸಿಕ್ಕಿಸುತ್ತಾರೆ. ಒಂದೊಂದು ಹೆಸರೂ ಒಂದೊಂದು ಕಡೆಯಿಂದ ಗಿಡವನ್ನು ನೋಡಿದೆ, ಬಳಸಿದೆ, ಹೆದರಿದೆ. 'ಲಿಲ್ಲಿ' ಎಂದ ಕೂಡಲೇ ಇಷ್ಟೂ ಅಳಿಸಿಹೋಗಿ, ಹೂದಾನಿಯಲ್ಲಿಡುವ ಒಂದು ಚೆಂದದ ವಸ್ತು ಉಳಿಯುತ್ತದೆ.

ಫೋನಿನ ಆ್ಯಪ್‌ಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಕಳೆದ ಮಳೆಗಾಲದಲ್ಲಿ ತೋಪಿನ ಬೇಲಿಯ ಬಳಿ ನಿಂತು ನಾನೇ ಒಂದರಲ್ಲಿ ನೋಡಿದೆ. ವೈಜ್ಞಾನಿಕ ಹೆಸರನ್ನು ಸರಿಯಾಗಿಯೇ ತೋರಿಸಿತು. ಆದರೆ ಅದರ ಮೇಲೆ ದಪ್ಪಕ್ಷರದಲ್ಲಿದ್ದದ್ದು 'ಫ್ಲೇಮ್ ಲಿಲ್ಲಿ'. ನಾವು ಆ ದಪ್ಪಕ್ಷರ ಓದಿ ಫೋನ್ ಜೇಬಿಗಿಡುತ್ತೇವೆ. ಇಂಗ್ಲಿಷಿನ ಬಳಕೆಯ ಮಾತಿನಲ್ಲಿ ಲಿಲ್ಲಿ ಎಂಬುದೊಂದು ದೊಡ್ಡ ಬುಟ್ಟಿ. ಕೆರೆಯ ನೈದಿಲೆ ವಾಟರ್ ಲಿಲ್ಲಿ, ಬಡಾವಣೆಗಳ ಪಾರ್ಕಿನಲ್ಲಿ ಮಳೆ ಬಿದ್ದ ಮರುದಿನ ಅರಳುವ ಅಮೆರಿಕ ಮೂಲದ ಹೂ ರೈನ್ ಲಿಲ್ಲಿ. ಇವು ಯಾವುವೂ ಒಂದಕ್ಕೊಂದು ಹತ್ತಿರದ ನೆಂಟರಲ್ಲ. ಆ ಬುಟ್ಟಿಯನ್ನು ಹಾಗೇ ಎತ್ತಿ ತಂದು ಕನ್ನಡದ ಅಂಗಳಕ್ಕೆ ಸುರಿದುಕೊಳ್ಳುವ ದರ್ದು ನಮಗೇನಿತ್ತು? ನೈದಿಲೆ ಎಂಬ ಮಾತಿದ್ದ ಭಾಷೆ ಇದು.

ನೆರೆಯ ತಮಿಳನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಾದ ಜಾಗ ಇದು. ಸಂಗಂ ಕಾಲದ ಕಪಿಲರ 'ಕುರಿಂಜಿಪ್ಪಾಟ್ಟು' ಒಂದೇ ಉಸಿರಿನಲ್ಲಿ 99 ಹೂಗಳನ್ನು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಮೊದಲು ಬರುವುದು ಇದೇ ಹೂ, ಕಾಂದಳ್. ಇವತ್ತು ಸೆಂಗಾಂದಳ್ ತಮಿಳುನಾಡಿನ ರಾಜ್ಯಪುಷ್ಪ. ದಿಂಡುಗಲ್, ತಿರುಪ್ಪೂರು, ಕರೂರು ಸುತ್ತಿನ ರೈತರು ಚಪ್ಪರ ಹಾಕಿ, ಕೈಯಿಂದ ಪರಾಗ ಮುಟ್ಟಿಸಿ, ಬೀಜಕ್ಕಾಗಿ ಇದನ್ನು ಬೆಳೆಯುತ್ತಾರೆ. ಆ ಬೀಜದ ಕಾಲ್ಚಿಸಿನ್ ಗೌಟ್ ಕಾಯಿಲೆಗೆ ಔಷಧಿ. ಅಲ್ಲಿ ಕವಿಗೂ ರೈತನಿಗೂ ಔಷಧಿ ವ್ಯಾಪಾರಿಗೂ ಗೊತ್ತಿರುವ ಗಿಡ ನಮ್ಮ ಬೇಲಿಯಲ್ಲಿ ಕಳೆ, ನಮ್ಮ ಕಥೆಯಲ್ಲಿ ಲಿಲ್ಲಿ.

ಕನ್ನಡಕ್ಕೆ ಈ ಪರಂಪರೆ ಇಲ್ಲ ಎಂದಲ್ಲ. ಕುವೆಂಪು ಅವರ ಕಾದಂಬರಿಗಳ ಕಾಡಿನಲ್ಲಿ ಮರಗಳಿಗೆ ಹೆಸರಿದೆ. ಬಿ.ಜಿ.ಎಲ್. ಸ್ವಾಮಿ ಸ್ವತಃ ಸಸ್ಯಶಾಸ್ತ್ರಜ್ಞರಾಗಿ ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನು 'ಹಸುರು ಹೊನ್ನು' ಮಾಡಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಅವರ ಹಾಸ್ಯಪ್ರಸಂಗಗಳನ್ನು ಸೆಮಿನಾರುಗಳಲ್ಲಿ ಹೇಳಿಕೊಂಡು ನಗುತ್ತೇವೆ, ಅವರು ಗಿಡ ತೋರಿಸಿದ ಕಡೆ ಮಾತ್ರ ಕಣ್ಣು ಹಾಯಿಸುವುದಿಲ್ಲ. ರಾಜಿ ಮತ್ತು ರಾಮಸ್ವಾಮಿ ಅವರ ಬೆಂಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1973ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಿಂದ ಬಂದಿದೆ. ಹೊಸಕೋಟೆ ಆಗ ಅದೇ ಜಿಲ್ಲೆ. ಇಂಗ್ಲಿಷಿನಲ್ಲಿರುವ ಆ ಪುಸ್ತಕವನ್ನು ಕನ್ನಡ ವಿಭಾಗದ ಸಂಶೋಧಕರು ತೆರೆಯುವುದಿಲ್ಲ; ಸಸ್ಯಶಾಸ್ತ್ರದವರು ನಮ್ಮ ಕಥೆಗಳನ್ನು ಓದುವುದಿಲ್ಲ. ನಡುವೆ ದೊಡ್ಡಮ್ಮನಂಥವರು. ಅವರನ್ನು ಎರಡೂ ಕಡೆಯವರು ಕೇಳುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ನನ್ನ ಗೆಳೆಯರೇ ಎತ್ತಿದ್ದಾರೆ. ಸಾಹಿತ್ಯ ಸಸ್ಯಶಾಸ್ತ್ರದ ಪಠ್ಯವಲ್ಲ ಎಂಬುದು ಮೊದಲನೆಯದು. ನಿಜ. ನಾನು ಕೇಳುತ್ತಿರುವುದು ಲ್ಯಾಟಿನ್ ಹೆಸರುಗಳನ್ನಲ್ಲ, ಪಾತ್ರದ ಬಾಯಲ್ಲಿ ಬರಬೇಕಾದ ಹೆಸರನ್ನು. ಸಮೇತನಹಳ್ಳಿಯ ಹಸಿದ ಹುಡುಗಿಗೆ ಆ ಬಳ್ಳಿ 'ಹೆಸರಿಲ್ಲದ್ದು' ಆಗಿರಲು ಸಾಧ್ಯವಿಲ್ಲ. ದನ, ಆಡು ಮೇಯಿಸುವ ಮನೆಯ ಮಕ್ಕಳಿಗೆ ಯಾವುದನ್ನು ಮುಟ್ಟಬಾರದೆಂಬುದು ಮೊದಲ ಪಾಠ. ಅವಳಿಗೆ ಗೊತ್ತಿದ್ದದ್ದನ್ನು ಅವಳಿಂದ ಕಿತ್ತುಕೊಂಡು, ನನ್ನ ಅಜ್ಞಾನವನ್ನು ಅವಳ ಮುಗ್ಧತೆ ಎಂದು ಮಾರಿದೆ. ಹಳ್ಳಿಯವರ ಬಗ್ಗೆ ಬರೆಯುವ ನಮ್ಮೆಲ್ಲರ ಬರಹಗಳಲ್ಲಿ ಈ ಕಳ್ಳತನ ನಡೆಯುತ್ತಲೇ ಇದೆ. ಭಾಷೆಯ ಸೊಗಡು ಬೇಕು, ಬೈಗುಳ ಬೇಕು, ಬಡತನ ಬೇಕು. ಅವರಿಗೆ ಗೊತ್ತಿರುವುದು ಬೇಡ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಊರಿನ ಹೆಸರುಗಳನ್ನು ನಂಬುವುದು ಹೇಗೆ? ಒಂದೇ ಹೆಸರು ಎರಡು ಗಿಡಕ್ಕಿರುತ್ತದೆ, ಒಂದೇ ಗಿಡಕ್ಕೆ ಹತ್ತು ಹೆಸರಿರುತ್ತದೆ. ಒಪ್ಪುತ್ತೇನೆ. ದೊಡ್ಡಮ್ಮನನ್ನು ಸರ್ವಜ್ಞೆ ಮಾಡಿ ಕೂರಿಸುವುದೂ ಇನ್ನೊಂದು ಬಗೆಯ ಸೋಮಾರಿತನವೇ. ಅದಕ್ಕೇ ಎರಡೂ ಬೇಕು. ಊರಿನ ಹೆಸರು ಗಿಡದೊಂದಿಗಿನ ಸಂಬಂಧವನ್ನು ಹೇಳುತ್ತದೆ, ವೈಜ್ಞಾನಿಕ ಹೆಸರು ನಾವಿಬ್ಬರೂ ಒಂದೇ ಗಿಡದ ಬಗ್ಗೆ ಮಾತಾಡುತ್ತಿದ್ದೇವೆಂದು ಖಾತ್ರಿ ಮಾಡುತ್ತದೆ. ದೊಡ್ಡಮ್ಮನ ಮಾತನ್ನು ನಾನು ಎಲೆಯ ತುದಿ ನೋಡಿ, ಪುಸ್ತಕ ತೆರೆದು ತಾಳೆ ನೋಡಿದೆ. ಎರಡೂ ಸೇರಿದವು. 'ಲಿಲ್ಲಿ' ಎಂಬುದು ಈ ಎರಡೂ ಕೆಲಸ ಮಾಡುವುದಿಲ್ಲ ಎಂಬುದೇ ನನ್ನ ತಕರಾರು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ತೋಪೇ ಇರದಿರುವಾಗ ಹೆಸರು ಕಟ್ಟಿಕೊಂಡು ಏನು? ವೈಟ್‌ಫೀಲ್ಡ್ ಕಡೆಯಿಂದ ಬಡಾವಣೆಗಳು, ಹೊಸಕೋಟೆ ಕಡೆಯಿಂದ ಗೋದಾಮುಗಳು ಬರುತ್ತಿವೆ. ಬೇಲಿಗಳು ಹೋಗಿ ಕಾಂಪೌಂಡುಗಳು ಏಳುತ್ತಿವೆ. ಇದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. 'ಯಾವುದೋ ಕಾಡುಹೂ' ಹೋಯಿತೆಂದು ಯಾರೂ ದೂರು ಕೊಡಲಾಗುವುದಿಲ್ಲ. ಏನು ಹೋಯಿತೆಂದು ಹೇಳಲಿಕ್ಕಾದರೂ ಹೆಸರು ಬೇಕು.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಕಥೆಯಲ್ಲೋ ಕವಿತೆಯಲ್ಲೋ ಒಂದು ಹೂ ಬಂದರೆ, ಬರೆಯುವ ಮೊದಲು ಅದರ ಹತ್ತಿರ ಹೋಗಿ. ಎಲೆಯ ತುದಿ ನೋಡಿ, ಎಸಳು, ಕೇಸರ ಎಣಿಸಿ. ಊರಿನ ಇಬ್ಬರನ್ನು ಕೇಳಿ, ಆಮೇಲೆ ಪುಸ್ತಕವನ್ನೋ ಆ್ಯಪನ್ನೋ ತೆರೆಯಿರಿ. ಇಷ್ಟಾದ ಮೇಲೂ ಹೆಸರು ಸಿಗದಿದ್ದರೆ 'ನನಗೆ ಗೊತ್ತಿಲ್ಲದ ಹೂ' ಎಂದು ಬರೆಯಿರಿ. ಅದು ಪ್ರಾಮಾಣಿಕ. 'ಹೆಸರಿಲ್ಲದ ಹೂ' ಎಂದು ಮಾತ್ರ ಬರೆಯಬೇಡಿ.

ನನ್ನ ಕಥೆಯ ಮೊದಲ ವಾಕ್ಯವನ್ನು ತಿದ್ದಿದ್ದೇನೆ: "ಸರ್ವೆ ತೋಪಿನ ಬೇಲಿಯಲ್ಲಿ ಅಡವಿನಾಭಿ ಹೂ ಬಿಟ್ಟಿತ್ತು." ತಿದ್ದಿದ ಕೂಡಲೇ ಕಥೆ ಮುಂದೆ ಹೋಗದೆ ನಿಂತುಬಿಟ್ಟಿತು. ಹುಡುಗಿ ಬಳ್ಳಿಯ ಮುಂದೆ ಕೂತಿದ್ದಾಳೆ, ಹಸಿವಾಗಿದೆ, ಆ ಗೆಡ್ಡೆ ಏನೆಂದು ಅವಳಿಗೆ ಗೊತ್ತು. ಈಗ ಅವಳು ಅದನ್ನು ತಿನ್ನುವುದಿಲ್ಲ. ತಿಂದರೆ, ಯಾಕೆ ತಿಂದಳೆಂದು ನಾನು ಉತ್ತರ ಕೊಡಬೇಕು. ನಾಲ್ಕು ವರ್ಷದಿಂದ ಅಲ್ಲೇ ಇದ್ದೇನೆ. ದೊಡ್ಡಮ್ಮ ಹಬ್ಬಕ್ಕೆ ಹೋದಾಗಲೆಲ್ಲ ಕೇಳುತ್ತಾರೆ, ಆ ಮಗು ಏನಾಯ್ತು ಎಂದು.